ಗಾಬ್ಲಿನ್‌ಗಳ ಜೊತೆ ಸಂಧಾನ: ಒಂದೇ ರೋಲ್‌ಗೆ ಮುಗಿದುಹೋಗದ ಹಾಗೆ ನಡೆಸೋದು ಹೇಗೆ?

ಇಪ್ಪತ್ತುಮುಖಿ (ಪ್ರಶ್ನೆ)

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು ಕಥೆ ಕಟ್ತಾ, ಡೈಸ್ ಉರುಳಿಸ್ತಾ ಆಡೋ ಆಟ) ಐದನೇ ಎಡಿಷನ್, 2014ರ ರೂಲ್ಸ್. ಪಾರ್ಟಿಯಲ್ಲಿ (ಪ್ಲೇಯರ್‌ಗಳ ಕ್ಯಾರೆಕ್ಟರ್‌ಗಳ ಗುಂಪು) ನಾಲ್ವರು, ಎಲ್ಲರೂ 3ನೇ ಲೆವೆಲ್: ಬಾರ್ಡ್ (ಹಾಡುಗಾರ), ಪ್ಯಾಲಡಿನ್ (ಧರ್ಮಯೋಧ), ರೋಗ್ (ಕಳ್ಳಹೆಜ್ಜೆಯವನು), ಕ್ಲೆರಿಕ್ (ಪೂಜಾರಿ). ಹಳ್ಳಿಯ ಮೇಲಿನ ಗುಡ್ಡದಲ್ಲಿ ಒಂದು ಪಾಳು ಕಾವಲು ಗೋಪುರ. ಅದರಲ್ಲಿ 18 ಗಾಬ್ಲಿನ್ (ಕುಳ್ಳಗಿನ ದುಷ್ಟ ಜೀವಿ), ಒಬ್ಬ ಗಾಬ್ಲಿನ್ ಬಾಸ್, ಮೂರು ವಾರ್ಗ್ (ತೋಳದಂಥ ದೊಡ್ಡ ಪ್ರಾಣಿ) ಬಂದು ಸೇರಿಕೊಂಡಿವೆ. ವಾರಕ್ಕೆ ಎರಡು ಮೂರು ಕುರಿ ಕಾಣೆಯಾಗ್ತಿವೆ, ಒಬ್ಬ ಕುರಿಗಾಹಿ ಸತ್ತಿದ್ದಾನೆ. "ಗೋಪುರ ಖಾಲಿ ಮಾಡಿಸಿ" ಅಂತ ಹಳ್ಳಿಯವರು ಪಾರ್ಟಿಯನ್ನ ಕಳಿಸಿದ್ದಾರೆ. ಪ್ಲೇಯರ್‌ಗಳಿಗೆ ಹೊಡೆದಾಟಕ್ಕಿಂತ ಮಾತಾಡಿ ನೋಡೋ ಮನಸ್ಸಿದೆ.

ತೊಡಕು ಇಷ್ಟು. ಬಾರ್ಡ್‌ಗೆ ಪರ್ಸ್ವೇಶನ್ (ಮಾತಲ್ಲಿ ಒಪ್ಪಿಸೋ ಕೌಶಲ) +7, ಇಪ್ಪತ್ತು ಮುಖದ ಡೈಸ್‌ನಲ್ಲಿ ಬಂದದ್ದಕ್ಕೆ ಇದನ್ನ ಕೂಡಿಸೋದು. ಒಂದು ರೋಲ್ 27 ಬಂದುಬಿಟ್ಟರೆ ಗಾಬ್ಲಿನ್‌ಗಳು ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಾ? ಹಾಗಾದರೆ ಅದರಲ್ಲಿ ನೈತಿಕ ಆಯ್ಕೆ ಎಲ್ಲಿ ಬಂತು? ರೋಲ್ 9 ಬಂದರೆ ನೇರ ಯುದ್ಧಾನಾ? ಇನ್ನೊಂದು, ಹೊಡೆದಾಡದೆ ಮುಗಿಸಿದರೆ ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಎಷ್ಟು ಕೊಡಬೇಕು?

---

ಗವಿಕಾವಲು

ಮೊದಲು ಒಂದು ಲೆಕ್ಕ ಹಾಕಿ. ಗಾಬ್ಲಿನ್ ತಲಾ 50 ಎಕ್ಸ್‌ಪಿ, 18ಕ್ಕೆ 900. ಬಾಸ್ 200. ವಾರ್ಗ್ ತಲಾ 100, ಮೂರಕ್ಕೆ 300. ಒಟ್ಟು 1400. ಹದಿನೈದಕ್ಕಿಂತ ಹೆಚ್ಚು ಶತ್ರುಗಳಿರೋದರಿಂದ ಎನ್‌ಕೌಂಟರ್ (ಶತ್ರುಗಳ ಜೊತೆ ಒಂದು ಮುಖಾಮುಖಿ) ಕಷ್ಟ ಅಳೆಯೋವಾಗ ನಾಲ್ಕರಿಂದ ಗುಣಿಸಬೇಕು: 5600. 3ನೇ ಲೆವೆಲ್‌ನ ನಾಲ್ವರಿಗೆ 'ಡೆಡ್ಲಿ' (ಪ್ರಾಣಾಪಾಯ) ಅನ್ನೋ ಗೆರೆ 1600. ಅಂದರೆ ಎದುರಾಬದುರು ನಿಂತರೆ ಪಾರ್ಟಿ ಉಳಿಯೋದು ಅನುಮಾನ. ಮಾತುಕತೆಯಲ್ಲಿ ಬಲ ಯಾರ ಕಡೆ ಇದೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ನಿಮ್ಮ ಪಾರ್ಟಿ ಹೋಗ್ತಿರೋದು ದಯೆ ತೋರಿಸೋಕಲ್ಲ, ವ್ಯಾಪಾರ ಕುದುರಿಸೋಕೆ. ಇದನ್ನ ಪ್ಲೇಯರ್‌ಗಳಿಗೆ ಮೊದಲೇ ಕಾಣಿಸಿ. ಗೋಪುರದ ಸುತ್ತ ಎಷ್ಟು ಹೆಜ್ಜೆಗುರುತಿದೆ, ಎಷ್ಟು ಕಡೆ ಒಲೆ ಹೊಗೆ ಏಳ್ತಿದೆ ಅಂತ ರೋಗ್ ಎಣಿಸಿ ಬರಲಿ.

ಇನ್ನು ಆ 27. ಡಿಎಂ (ಆಟ ನಡೆಸೋರು, ಅಂದರೆ ನೀವು) ಗೈಡ್‌ನ ಸಂಭಾಷಣೆ ರೂಲ್ಸ್ ಓದಿದರೆ ನಿಮ್ಮ ಭಯ ಅರ್ಧ ಕಳೆಯುತ್ತೆ. ಎದುರಿನವನ ಮನೋಭಾವ ಮೂರರಲ್ಲಿ ಒಂದು: ಸ್ನೇಹ, ತಟಸ್ಥ, ಹಗೆ. ಹಗೆಯಲ್ಲಿರೋನ ಹತ್ತಿರ ಡಿಸಿ (ಗೆಲ್ಲೋಕೆ ರೋಲ್ ಮುಟ್ಟಬೇಕಾದ ಅಂಕ) 10 ಮುಟ್ಟಿದರೆ ಸಹಾಯವೂ ಇಲ್ಲ, ಕೇಡೂ ಇಲ್ಲ. ಡಿಸಿ 20 ಮುಟ್ಟಿದರೆ ಹೇಳಿದ್ದು ಮಾಡ್ತಾನೆ, ಆದರೆ ಅವನಿಗೆ ಅಪಾಯ, ನಷ್ಟ ಏನೂ ಇಲ್ಲದಿದ್ದರೆ ಮಾತ್ರ. ತಟಸ್ಥನಿಗೆ 20 ಬಂದರೆ ಸಣ್ಣ ಅಪಾಯ, ಸಣ್ಣ ತ್ಯಾಗದವರೆಗೆ ಒಪ್ತಾನೆ. ದೊಡ್ಡ ತ್ಯಾಗಕ್ಕೆ ಒಪ್ಪೋನು ಸ್ನೇಹದಲ್ಲಿರೋನು ಮಾತ್ರ, ಅದಕ್ಕೂ 20 ಬೇಕು. ಇದ್ದ ಮನೆ ಬಿಟ್ಟು ಹೋಗೋದು ಸಣ್ಣ ತ್ಯಾಗ ಅಲ್ಲ. ಹಗೆಯಲ್ಲಿರೋ ಬಾಸ್ ಮುಂದೆ ನಿಮ್ಮ ಬಾರ್ಡ್ 27 ಉರುಳಿಸಿದರೂ ಗೋಪುರ ಖಾಲಿಯಾಗಲ್ಲ. "ಸರಿ, ಇವತ್ತು ಸಂಜೆವರೆಗೆ ಬಾಣ ಬಿಡಲ್ಲ, ನಿಂತು ಮಾತಾಡು" ಅನ್ನೋಷ್ಟು ಸಿಗುತ್ತೆ. ಅದೇ ದೊಡ್ಡ ಗೆಲುವು ಅನ್ನಿ.

ಹಾಗಾಗಿ ರೋಲ್ ಕೊನೆಗೆ ಬರಲಿ. ಮೊದಲು ಪ್ಲೇಯರ್‌ಗಳು ಏನು ಕೊಡ್ತೀವಿ, ಏನು ಕೇಳ್ತೀವಿ ಅಂತ ಬಾಯಿಬಿಟ್ಟು ಹೇಳಬೇಕು. ಅದನ್ನ ಕೇಳಿದ ಮೇಲೆ ನೀವು ತೂಗಿ ನೋಡಿ: ಗಾಬ್ಲಿನ್‌ಗಳಿಗೆ ಇದರಲ್ಲಿ ನಷ್ಟ ಇದೆಯಾ? ಬರೀ ಲಾಭವೇ ಇದ್ದರೆ ರೋಲ್ ಬೇಡ, ಒಪ್ಪಿಕೊಳ್ತಾರೆ. ಸಾವೇ ಗತಿ ಅನ್ನೋ ಹಾಗಿದ್ದರೂ ರೋಲ್ ಬೇಡ, ಉಗಿದು ಕಳಿಸ್ತಾರೆ. ಎರಡರ ನಡುವೆ ತೂಗಾಡೋ ಮಾತಿಗೆ ಮಾತ್ರ ಡೈಸ್. 2024ರ ರೂಲ್ಸ್‌ನಲ್ಲಿ ಇದೇ ಕ್ರಮವನ್ನ ನೇರವಾಗಿ ಬರೆದಿದ್ದಾರೆ: ಮನಸ್ಸಿದ್ದರೆ ರೋಲ್ ಇಲ್ಲ, ಮನಸ್ಸಿಲ್ಲದಿದ್ದರೆ ರೋಲ್ ಇಲ್ಲ, ಹಿಂದೆಮುಂದೆ ನೋಡ್ತಿದ್ದರೆ ಮಾತ್ರ ರೋಲ್. ಡಿಸಿ 15 ಅಥವಾ ಎದುರಿನವನ ಇಂಟೆಲಿಜೆನ್ಸ್ (ಬುದ್ಧಿ) ಸ್ಕೋರ್, ಯಾವುದು ಹೆಚ್ಚೋ ಅದು. ಸೋತರೆ ಅದೇ ಮಾತನ್ನ ಅದೇ ರೀತಿ ಮತ್ತೆ ಎತ್ತೋಕೆ 24 ಗಂಟೆ ಕಾಯಬೇಕು. ನೀವು 2014 ಆಡ್ತಿದ್ದರೂ ಈ 24 ಗಂಟೆಯನ್ನ ಎರವಲು ತಗೊಳ್ಳಿ. ರೋಲ್ 9 ಬಂದರೆ ಯುದ್ಧ ಅಲ್ಲ, "ನಾಳೆ ಬಾ". ಆ ರಾತ್ರಿ ಇನ್ನೊಂದು ಕುರಿ ಹೋಗುತ್ತೆ. ಸೋಲಿಗೆ ಅಷ್ಟು ಬೆಲೆ ಸಾಕು.

ಮನೋಭಾವವನ್ನ ಹಗೆಯಿಂದ ತಟಸ್ಥಕ್ಕೆ ಏರಿಸೋದು ಇನ್ನೊಂದು ದಾರಿ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಇನ್‌ಸೈಟ್ (ಮನಸ್ಸು ಓದೋ ಕೌಶಲ) ರೋಲ್, ಎದುರಿನವನ ಡಿಸೆಪ್ಷನ್‌ಗೆ (ಮರೆಮಾಚೋ ಕೌಶಲ) ವಿರುದ್ಧವಾಗಿ. ಗೆದ್ದರೆ ಅವನ ಆದರ್ಶವೋ ನಂಟೋ ದೌರ್ಬಲ್ಯವೋ ಒಂದು ಗೊತ್ತಾಗುತ್ತೆ. ಹತ್ತು ಅಥವಾ ಹೆಚ್ಚು ಅಂತರದಲ್ಲಿ ಸೋತರೆ ತಪ್ಪು ಮಾಹಿತಿ ಕೊಡಬಹುದು. ಈ ಅವಕಾಶ ಬಿಡಬೇಡಿ. ಇದನ್ನ ಬಾರ್ಡ್ ಕೈಗೆ ಕೊಡದೆ ಕ್ಲೆರಿಕ್ ಕೈಗೆ ಕೊಡಿ. ಒಬ್ಬನೇ ಮಾತಾಡಿ ಮಿಕ್ಕ ಮೂವರು ಮೊಬೈಲ್ ನೋಡ್ತಾ ಕೂರೋದು ತಪ್ಪುತ್ತೆ.

---

ಹಳೇಡೈಸ್

ಮೇಲಿನದಕ್ಕೆ ಒಂದು ಸೇರ್ಪಡೆ. ಮಾತುಕತೆ ಶುರುವಾಗೋ ಮೊದಲು ಗಾಬ್ಲಿನ್‌ಗಳ ಮೂಡ್ ಹೇಗಿದೆ ಅಂತ ನೀವೇ ತೀರ್ಮಾನಿಸಬೇಡಿ. 1981ರ ಬೇಸಿಕ್ ರೂಲ್ಸ್‌ನ (ಇದೇ ಆಟದ ಹಳೇ ಆವೃತ್ತಿ) ರಿಯಾಕ್ಷನ್ ರೋಲ್ (ಎದುರಾದವರ ಮೊದಲ ಪ್ರತಿಕ್ರಿಯೆ ತೀರ್ಮಾನಿಸೋದು) ತಗೊಳ್ಳಿ, ಆರು ಮುಖದ ಎರಡು ಡೈಸ್ ಸಾಕು. 2 ಬಂದರೆ ತಕ್ಷಣ ದಾಳಿ. 3–5 ಹಗೆ, ದಾಳಿ ಮಾಡಬಹುದು. 6–8 ಗೊಂದಲ. 9–11 ದಾಳಿ ಇಲ್ಲ, ಹೊರಟುಹೋಗ್ತಾವೆ ಅಥವಾ ಏನು ಕೊಡ್ತೀರಿ ಅಂತ ಕೇಳ್ತಾವೆ. 12 ಉತ್ಸಾಹದ ಸ್ನೇಹ. ತಕ್ಷಣ ದಾಳಿಯ ಸಾಧ್ಯತೆ 36ರಲ್ಲಿ ಒಂದು ಮಾತ್ರ, ಗೊಂದಲದ್ದು 36ರಲ್ಲಿ 16. ಅಂದರೆ ಆ ಆಟದಲ್ಲಿ ಕಂಡ ಕೂಡಲೇ ಕತ್ತಿ ಹಿರಿಯೋ ಮಾನ್‌ಸ್ಟರ್ ಅಪರೂಪ. ಆಮೇಲೆ ಬಂದವರು ಆ ಪಟ್ಟಿಯನ್ನ ಮರೆತರು, ಅಷ್ಟೆ.

ಮೊರಾಲ್ (ಹೋರಾಟದಲ್ಲಿ ನಿಲ್ಲೋ ಧೈರ್ಯದ ಅಂಕ) ಕೂಡ ಅಲ್ಲಿಂದಲೇ ತಗೊಳ್ಳಿ. ಗಾಬ್ಲಿನ್‌ದು 7. ಎರಡು ಡೈಸ್ ಉರುಳಿಸಿ ಅದಕ್ಕಿಂತ ಹೆಚ್ಚು ಬಂದರೆ ಓಡ್ತಾವೆ ಅಥವಾ ಶರಣಾಗ್ತಾವೆ. ಮೊದಲ ಸಾವಿಗೊಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ರೋಲ್. ಪ್ರತಿ ಸಲ ಮುರಿಯೋ ಸಾಧ್ಯತೆ 36ರಲ್ಲಿ 15. ಐದನೇ ಎಡಿಷನ್‌ನಲ್ಲೇ ಇರಬೇಕು ಅಂದರೆ ಡಿಎಂ ಗೈಡ್‌ನ ಐಚ್ಛಿಕ ಮೊರಾಲ್ ರೂಲ್ ಇದೆ: ಡಿಸಿ 10 ವಿಸ್ಡಮ್ ಸೇವ್ (ವಿವೇಕದ ಬಲದಿಂದ ತಡೆದುಕೊಳ್ಳೋ ರೋಲ್). ಗಾಬ್ಲಿನ್‌ಗೆ ವಿಸ್ಡಮ್ -1, ಅಂದರೆ ಸರಿಯಾಗಿ ಅರ್ಧಕ್ಕರ್ಧ.

ಇದು ಸಂಧಾನಕ್ಕೆ ಯಾಕೆ ಬೇಕು? ಕೊನೆಯವನು ಸಾಯೋವರೆಗೂ ಹೊಡೆದಾಡೋ ಶತ್ರುವಿನ ಜೊತೆ ಮಾತಾಡಬಹುದು ಅಂತ ಯಾವ ಪ್ಲೇಯರ್‌ಗೂ ಹೊಳೆಯಲ್ಲ. ಹಿಂದಿನ ಹತ್ತು ಎನ್‌ಕೌಂಟರ್‌ಗಳಲ್ಲಿ ಯಾರೂ ಓಡಿಲ್ಲ, ಶರಣಾಗಿಲ್ಲ ಅಂದರೆ ಹನ್ನೊಂದನೇದರಲ್ಲಿ ಬಿಳಿ ಬಟ್ಟೆ ಹಾರಿಸಿದರೂ ಬಲೆ ಅಂದುಕೊಳ್ತಾರೆ. ಗೋಪುರ ತಲುಪೋ ಮೊದಲೇ ಒಂದು ಸಣ್ಣ ಗುಂಪು ಅರ್ಧಕ್ಕೇ ಕತ್ತಿ ಬಿಸಾಡೋ ದೃಶ್ಯ ತನ್ನಿ.

---

ಕತ್ತಲಕಣ್ಣು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೆಕ್ಯಾನಿಕ್ಸ್ ಎಲ್ಲ ಸರಿ, ಆದರೆ ಇಲ್ಲಿವರೆಗೆ ಯಾರೂ ಆ ಸತ್ತ ಕುರಿಗಾಹಿಯ ಬಗ್ಗೆ ಮಾತೇ ಎತ್ತಿಲ್ಲ. ಸಂಧಾನ ಮಾಡೋದೇ ಯಾವಾಗಲೂ ಒಳ್ಳೇ ಆಯ್ಕೆ, ಕತ್ತಿ ಎತ್ತೋದೇ ಯಾವಾಗಲೂ ಕೆಟ್ಟದ್ದು ಅಂತ ಮೊದಲೇ ಬರೆದಿಟ್ಟರೆ ಅದು ಆಯ್ಕೆ ಅಲ್ಲ, ಪಾಠ. ಪ್ಲೇಯರ್‌ಗಳು ಎರಡೇ ಸೆಷನ್‌ನಲ್ಲಿ ವಾಸನೆ ಹಿಡೀತಾರೆ.

ಮೇಜಿನಲ್ಲಿ ಎರಡು ಪಕ್ಷ ಅಲ್ಲ, ಮೂರು. ಗಾಬ್ಲಿನ್, ಪಾರ್ಟಿ, ಹಳ್ಳಿ. ಪಾರ್ಟಿ ಗುಡ್ಡದ ಮೇಲೆ ಒಪ್ಪಿಕೊಂಡು ಬಂದಿದ್ದನ್ನ ಹಳ್ಳಿ ಒಪ್ಪಲೇಬೇಕು ಅಂತೇನಿಲ್ಲ. ಸತ್ತವನ ಮನೆಯವರಿಗೆ ಏನು ಸಿಕ್ಕಿತು? ಮೂರು ದಾರಿ ಇಟ್ಟುಕೊಳ್ಳಿ. ಕೊಂದವನನ್ನ ಗಾಬ್ಲಿನ್‌ಗಳು ಒಪ್ಪಿಸಬಹುದು. ಪ್ರಾಣಕ್ಕೆ ಬದಲಾಗಿ ದಂಡ ತೆರಬಹುದು. ಅವನನ್ನ ತಾವೇ ಗುಂಪಿನಿಂದ ಹೊರಗೆ ಹಾಕಬಹುದು. ಒಪ್ಪಿಸಿದರೆ ಬಾಸ್ ತನ್ನವರ ಕಣ್ಣಲ್ಲಿ ಕೆಳಗಿಳೀತಾನೆ, ಒಂದು ತಿಂಗಳೊಳಗೆ ಬೇರೆ ಬಾಸ್ ಬರಬಹುದು, ಅವನು ಮಾತು ಉಳಿಸಿಕೊಳ್ಳಬೇಕಿಲ್ಲ. ದಂಡ ತೆತ್ತರೆ ಹಳ್ಳಿಯ ಅರ್ಧ ಜನ "ಜೀವಕ್ಕೆ ಇಷ್ಟೇನಾ" ಅಂತಾರೆ. ಹೊರಗೆ ಹಾಕಿದರೆ ಆ ಗಾಬ್ಲಿನ್ ಒಂಟಿಯಾಗಿ ಕಾಡಲ್ಲೇ ಇರ್ತಾನೆ, ಎರಡೂ ಕಡೆಯವರ ಮೇಲೂ ಹಗೆ ಇಟ್ಟುಕೊಂಡು. ಯಾವುದೂ ಪೂರ್ತಿ ಸರಿ ಅಲ್ಲ, ಯಾವುದೂ ಪೂರ್ತಿ ತಪ್ಪೂ ಅಲ್ಲ. ಮೂರರಲ್ಲೂ ಬೆಲೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ಬೇರೆಬೇರೆ.

ಆದರೆ ಆ ಬೆಲೆ ಆಯ್ಕೆಗೆ ಮೊದಲೇ ಕಾಣಬೇಕು. ಪ್ಲೇಯರ್‌ಗಳು ಒಪ್ಪಂದ ಮಾಡಿಕೊಂಡ ಮೇಲೆ "ಅಯ್ಯೋ, ಇದರಿಂದ ಹೀಗಾಗಿಹೋಯ್ತು" ಅಂತ ಕತ್ತು ಹಿಸುಕೋದು ನೈತಿಕ ದ್ವಂದ್ವ ಅಲ್ಲ, ಮೋಸ. ಮುಖ್ಯ ವಿಷಯ ಒಂದೊಂದಕ್ಕೂ ಮೂರು ಸುಳಿವು ಇಡಿ, ಒಂದು ತಪ್ಪಿದರೂ ಇನ್ನೊಂದು ಸಿಗುತ್ತೆ. ಬಾಸ್‌ನ ಕುರ್ಚಿ ಗಟ್ಟಿ ಇಲ್ಲ ಅನ್ನೋದಕ್ಕೆ: ಕಾವಲಿಗೆ ನಿಂತ ಇಬ್ಬರು ಅವನ ಬಗ್ಗೆ ಗೊಣಗೋದು ಕಿವಿಗೆ ಬೀಳಲಿ, ವಾರ್ಗ್‌ಗಳು ಅವನ ಮಾತು ಕೇಳದೆ ಇನ್ನೊಬ್ಬನ ಹಿಂದೆ ಹೋಗಲಿ, ಊಟ ಹಂಚೋವಾಗ ಜಗಳ ಕಾಣಲಿ. ಸ್ಟ್ಯಾಟ್ ಬ್ಲಾಕ್‌ನಲ್ಲೇ (ಮಾನ್‌ಸ್ಟರ್‌ನ ಅಂಕಿ, ಶಕ್ತಿಗಳ ಪಟ್ಟಿ) ಒಂದು ಸುಳಿವಿದೆ ನೋಡಿ. ಗಾಬ್ಲಿನ್ ಬಾಸ್‌ಗೆ ತನ್ನ ಮೇಲೆ ಬರೋ ಏಟಿಗೆ ಪಕ್ಕದ ಗಾಬ್ಲಿನ್‌ನನ್ನ ತನ್ನ ಜಾಗಕ್ಕೆ ಎಳೆದು ನಿಲ್ಲಿಸೋ ರಿಯಾಕ್ಷನ್ (ಹೋರಾಟದಲ್ಲಿ ದಿಢೀರ್ ಅಂತ ಮಾಡೋ ಕೆಲಸ, ಮೇಲಿನ ರಿಯಾಕ್ಷನ್ ರೋಲ್ ಅಲ್ಲ) ಇದೆ. ಪಕ್ಕದಲ್ಲಿ ನಿಲ್ಲೋರಿಗೆ ಅದು ಗೊತ್ತಿರಲ್ವಾ?

ಇನ್ನೊಂದು ಮಾತು. ಎಲ್ಲದರ ಜೊತೆಗೂ ಸಂಧಾನ ಸಾಧ್ಯ ಇರಬಾರದು. ಜಾಂಬಿಗೆ ಬೇಡಿಕೆಯೇ ಇಲ್ಲ. ಮೈಂಡ್ ಫ್ಲೇಯರ್‌ಗೆ ಬೇಡಿಕೆ ಇದೆ, ಆದರೆ ಅದು ಕೇಳೋದು ಮನುಷ್ಯರ ಮಿದುಳು. ಅದನ್ನ ಯಾರು ಕೊಡ್ತಾರೆ? ಗಾಬ್ಲಿನ್ ಇವೆರಡರ ಹಾಗಲ್ಲ. ಅದಕ್ಕೆ ಬೇಕಾಗಿದ್ದು ಕೊಡಬಹುದಾದಂಥದ್ದು, ಅದಕ್ಕೇ ಇಲ್ಲಿ ಮಾತಿಗೆ ಅರ್ಥ ಇರೋದು.

---

ಇಪ್ಪತ್ತುಮುಖಿ

ತುಂಬಾ ಉಪಯೋಗ ಆಯ್ತು. ಎರಡು ವಿಷಯ ಉಳೀತು. ಗಾಬ್ಲಿನ್‌ಗಳಿಗೆ ನಿಜವಾಗಿ ಏನು ಕೊಡಬಹುದು ಅನ್ನೋದಕ್ಕೆ ಅಂಕಿ ಬೇಕು, "ಊಟ ಕೊಡ್ತೀವಿ" ಅಂದರೆ ಎಷ್ಟು? ಮತ್ತೆ ದಾರಿಯಲ್ಲಿ ಸಿಕ್ಕ ಗಾಬ್ಲಿನ್‌ಗಳನ್ನ ಸೆರೆ ಹಿಡಿದರೆ ಏನು ಮಾಡೋದು? ಕೊಲ್ಲೋಣ ಅಂತ ರೋಗ್, ಬೇಡ ಅಂತ ಪ್ಯಾಲಡಿನ್, ಅರ್ಧ ಸೆಷನ್ ಅದರಲ್ಲೇ ಹೋಗೋ ಲಕ್ಷಣ ಇದೆ. ಚಾರ್ಮ್ ಪರ್ಸನ್ (ಮರುಳು ಮಾಡೋ ಮಂತ್ರ) ಹಾಕಿ ಬಾಸ್‌ನ ಕೈಲಿ ಸಹಿ ಹಾಕಿಸಿಬಿಡೋಣ ಅಂತಲೂ ಬಾರ್ಡ್ ಯೋಚನೆ ಮಾಡ್ತಿದ್ದಾನೆ.

---

ಗವಿಕಾವಲು

ಊಟದ ಲೆಕ್ಕ. ರೂಲ್ಸ್ ಪ್ರಕಾರ ಸಣ್ಣ, ಮಧ್ಯಮ ಗಾತ್ರದ ಜೀವಿಗೆ ದಿನಕ್ಕೆ ಒಂದು ಪೌಂಡ್, ದೊಡ್ಡ ಗಾತ್ರದ್ದಕ್ಕೆ ನಾಲ್ಕು ಪೌಂಡ್. ಬಾಸ್ ಸೇರಿ 19 ಗಾಬ್ಲಿನ್‌ಗೆ 19 ಪೌಂಡ್, ಮೂರು ವಾರ್ಗ್‌ಗೆ 12. ಗೋಧಿ ಪೌಂಡಿಗೆ ಒಂದು ತಾಮ್ರದ ನಾಣ್ಯ. ಗಾಬ್ಲಿನ್‌ಗಳಿಗೆ 30 ದಿನಕ್ಕೆ 570 ತಾಮ್ರ, ಅಂದರೆ 5 ಚಿನ್ನ 7 ಬೆಳ್ಳಿ. ವಾರ್ಗ್‌ಗೆ ಮಾಂಸವೇ ಆಗಬೇಕು. 360 ಪೌಂಡ್, ಒಂದು ಕುರಿಗೆ 40 ಪೌಂಡ್ ಅಂತ ಹಿಡಿದರೆ ಒಂಬತ್ತು ಕುರಿ, ಕುರಿಗೆ 2 ಚಿನ್ನದಂತೆ 18. ಒಟ್ಟು ತಿಂಗಳಿಗೆ ಸುಮಾರು 24 ಚಿನ್ನದ ನಾಣ್ಯ.

ಈಗ ಹಳ್ಳಿಗೆ ಆಗ್ತಿರೋ ನಷ್ಟ ನೋಡಿ: ವಾರಕ್ಕೆ ಎರಡು ಮೂರು ಕುರಿ ಅಂದರೆ ತಿಂಗಳಿಗೆ ಹತ್ತು ಹನ್ನೊಂದು, 20–22 ಚಿನ್ನ. ಹೆಚ್ಚುಕಮ್ಮಿ ಸಮ! ಕದಿಯೋದನ್ನ ಬಿಟ್ಟು ಕೊಟ್ಟಿದ್ದು ತಗೊಂಡರೆ ಹಳ್ಳಿಗೆ ಹಣದಲ್ಲಿ ಲಾಭ ಏನಿಲ್ಲ, ಸಿಗೋದು ನೆಮ್ಮದಿ ಮಾತ್ರ. ಅದಕ್ಕೇ ಹಳ್ಳಿ ಬೇರೆ ಏನಾದರೂ ಕೇಳುತ್ತೆ, ಅಲ್ಲಿಂದ ಚೌಕಾಸಿ ಶುರು. ಗಾಬ್ಲಿನ್‌ಗೆ ಸ್ಟೆಲ್ತ್ (ಸದ್ದಿಲ್ಲದೆ ಅಡಗೋ ಕೌಶಲ) +6, ಕತ್ತಲಲ್ಲಿ 60 ಅಡಿ ಕಣ್ಣು ಕಾಣುತ್ತೆ. ರಾತ್ರಿ ಗಡಿ ಕಾವಲಿಗೆ ಇದಕ್ಕಿಂತ ಚೆನ್ನಾದವರು ಸಿಗಲ್ಲ. ಕೌಶಲ ಇಲ್ಲದ ಕೂಲಿಯಾಳಿಗೇ ದಿನಕ್ಕೆ ಎರಡು ಬೆಳ್ಳಿ. 18 ಜನರನ್ನ ಆ ಲೆಕ್ಕದಲ್ಲಿ ಇಟ್ಟರೆ ದಿನಕ್ಕೆ 3 ಚಿನ್ನ 6 ಬೆಳ್ಳಿ. ಊಟದ ಲೆಕ್ಕದಲ್ಲಾದರೆ ದಿನಕ್ಕೆ ಒಂದು ಚಿನ್ನವೂ ಆಗಲ್ಲ. ಹಳ್ಳಿಗೆ ಅಗ್ಗ, ಗಾಬ್ಲಿನ್‌ಗೆ ಇರೋಕೆ ಜಾಗ. ಆದರೆ ಇದು ಅಗ್ಗದ ದುಡಿಮೆ ಅನ್ನೋದೂ ನಿಜ, ಗಾಬ್ಲಿನ್‌ಗಳಲ್ಲಿ ಒಬ್ಬನಾದರೂ ಅದನ್ನ ಎತ್ತಿ ಹೇಳಲಿ. ಅವಕ್ಕೆ ಇಂಟೆಲಿಜೆನ್ಸ್ 10, ಲೆಕ್ಕ ಬರದೇ ಇರೋರಲ್ಲ.

ಒಪ್ಪಂದವನ್ನ ಒಂದು ಕಾರ್ಡ್ ಮೇಲೆ ಬರೆದು ಮೇಜಿನ ಮೇಲಿಡಿ. ಗಡಿ ಎಲ್ಲಿ (ಹೊಳೆ, ಮರ, ಕಲ್ಲು, ಏನಾದರೂ ಕಣ್ಣಿಗೆ ಕಾಣೋದು). ಎಷ್ಟು ದಿನಕ್ಕೆ (30 ದಿನ ಸಾಕು, "ಶಾಶ್ವತ" ಬೇಡ). ಯಾರು ಯಾವತ್ತು ಎಲ್ಲಿ ಧಾನ್ಯ ಇಡೋದು. ಒಬ್ಬ ತಪ್ಪಿದರೆ ಇಡೀ ಒಪ್ಪಂದ ಮುರೀತಾ, ಇಲ್ಲಾ ಅವನೊಬ್ಬನಿಗೆ ಶಿಕ್ಷೆಯಾ? ಹೆಚ್ಚಿನ ಒಪ್ಪಂದಗಳು ಬೀಳೋದು ಈ ಕೊನೇದನ್ನ ಬರೆಯದೇ ಇರೋದರಿಂದ. ಇನ್ನೂ ಒಂದು ಜನ ಮರೀತಾರೆ: ವಾರ್ಗ್ ನಾಯಿ ಅಲ್ಲ. ಇಂಟೆಲಿಜೆನ್ಸ್ 7, ಗಾಬ್ಲಿನ್ ಭಾಷೆಯೂ ತನ್ನ ಭಾಷೆಯೂ ಮಾತಾಡುತ್ತೆ. ಬಾಸ್ ಅವುಗಳ ಪರವಾಗಿ ಕೊಟ್ಟ ಮಾತು ಅವುಗಳನ್ನ ಕಟ್ಟಿಹಾಕಲ್ಲ. ವಾರ್ಗ್‌ಗಳ ಜೊತೆ ಬೇರೆಯಾಗಿ ಮಾತಾಡಿ, ಕಾರ್ಡ್‌ನಲ್ಲಿ ಬೇರೆ ಸಾಲು ಹಾಕಿ.

ಭೇಟಿಯ ಜಾಗ ಗೋಪುರದಿಂದ 80 ಅಡಿಗಿಂತ ಆಚೆ ಇರಲಿ. ಗಾಬ್ಲಿನ್ ಬಿಲ್ಲಿನ ಮಾಮೂಲಿ ವ್ಯಾಪ್ತಿ ಅಷ್ಟೇ, ಅಲ್ಲಿಂದ 320ರವರೆಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನ ಹಿಡಿಯೋದು). ಇದನ್ನ ಪ್ಲೇಯರ್‌ಗಳೇ ಕೇಳಿ ಗೆಲ್ಲಲಿ.

ಎಕ್ಸ್‌ಪಿ: 1400ನ್ನೂ ಕೊಡಿ, ತಲಾ 350. ಒಪ್ಪಂದವಾದ ದಿನ ಅರ್ಧ, ಮೊದಲ 30 ದಿನ ಕಳೆದ ಮೇಲೆ ಅರ್ಧ. ಆಮೇಲೆ ಅದೇ ಗಾಬ್ಲಿನ್‌ಗಳನ್ನ ಕೊಂದರೆ ಮತ್ತೆ ಸೊನ್ನೆ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಸಹಿ ಹಾಕಿಸಿಕೊಂಡು ಬೆನ್ನಿಗೆ ಚೂರಿ ಹಾಕೋದೇ ಲಾಭದ ದಾರಿ ಆಗಿಬಿಡುತ್ತೆ.

---

ಕತ್ತಲಕಣ್ಣು

ಚಾರ್ಮ್ ಪರ್ಸನ್ ಬೇಡ ಅಂತ ಬಾರ್ಡ್‌ಗೆ ಹೇಳಬೇಡಿ, ಆಗೋದೇನು ಅಂತ ಹೇಳಿ. ಅದು ಇರೋದು ಒಂದು ಗಂಟೆ. ಮುಗಿದ ಕ್ಷಣ ತನ್ನ ಮೇಲೆ ಮಂತ್ರ ಹಾಕಿದ್ದು ಯಾರು ಅಂತ ಬಾಸ್‌ಗೆ ಗೊತ್ತಾಗುತ್ತೆ. ಒಪ್ಪಂದ ಅಲ್ಲಿಗೆ ಸತ್ತಂತೆ, ಮನೋಭಾವವೂ ಹಗೆಗೆ ಇಳೀತು. 2024ರ ಮಾನ್‌ಸ್ಟರ್‌ಗಳನ್ನ ಬಳಸ್ತಿದ್ದರೆ ಮಂತ್ರ ತಗಲೋದೇ ಇಲ್ಲ: ಅಲ್ಲಿ ಗಾಬ್ಲಿನ್ 'ಫೇ' ವರ್ಗ, ಚಾರ್ಮ್ ಪರ್ಸನ್ ಹ್ಯೂಮನಾಯ್ಡ್ (ಮನುಷ್ಯರಂಥ ಜೀವಿಗಳ) ವರ್ಗಕ್ಕೆ ಮಾತ್ರ.

ಝೋನ್ ಆಫ್ ಟ್ರೂತ್ (ವೃತ್ತದೊಳಗಿರೋರು, ಸೇವ್ ಸೋತರೆ, ಸುಳ್ಳು ಹೇಳಲಾಗದ ಮಂತ್ರ) ಬೇರೆ ಮಾತು. ಎರಡನೇ ಲೆವೆಲ್ ಮಂತ್ರ, ಹತ್ತು ನಿಮಿಷ, ಸುತ್ತ 15 ಅಡಿ. ಕ್ಲೆರಿಕ್ ಹಾಕಬಹುದು. ಸೇವ್ ಆಯಿತೋ ಇಲ್ಲವೋ ಹಾಕಿದವನಿಗೆ ಗೊತ್ತಾಗುತ್ತೆ. ಒಳಗಿರೋನಿಗೂ ಮಂತ್ರ ಇದೆ ಅಂತ ಗೊತ್ತು, ಸುಳ್ಳು ಹೇಳದೆ ಜಾರಿಕೊಳ್ಳಬಹುದು. "ನೀವು ದಾಳಿ ಮಾಡ್ತೀರಾ?" ಅಂತ ಕೇಳಿದರೆ "ಇವತ್ತು ಮಾಡಲ್ಲ" ಅನ್ನಬಹುದು. ಮುಖ್ಯ ಏನಂದರೆ ಪಾರ್ಟಿಯವರೂ ಆ ವೃತ್ತದೊಳಗೆ ನಿಲ್ಲಬೇಕು ಅಂತ ಗಾಬ್ಲಿನ್‌ಗಳು ಕೇಳೇ ಕೇಳ್ತಾರೆ. "ಹಳ್ಳಿಯವರು ಇದಕ್ಕೆ ಒಪ್ಪಿದ್ದಾರಾ?" ಅನ್ನೋ ಪ್ರಶ್ನೆಗೆ ಆಗ ಬಾರ್ಡ್ ಏನು ಹೇಳ್ತಾನೋ ನೋಡಿ. ಆ ಹತ್ತು ನಿಮಿಷವೇ ನಿಮ್ಮ ಸೆಷನ್.

ಸೆರೆಯಾಳು. ಮೊದಲು ರೂಲ್: ಹತ್ತಿರದ ಆಯುಧದಿಂದ ಹಿಟ್ ಪಾಯಿಂಟ್ (ಜೀವದ ಅಂಕ) ಶೂನ್ಯಕ್ಕೆ ಇಳಿಸಿದಾಗ ಮಾತ್ರ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು, ಬಾಣದಿಂದ ಆಗಲ್ಲ. ರೋಗ್‌ಗೆ ಇದು ಗೊತ್ತಿರಲಿ, "ನಾನು ಕಾಲಿಗೆ ಹೊಡೆದೆ" ಅನ್ನೋ ವಾದ ಆಮೇಲೆ ಬೇಡ. ಬಿದ್ದವನು 1ರಿಂದ 4 ಗಂಟೆ ಕಳೆದು ಒಂದು ಹಿಟ್ ಪಾಯಿಂಟ್ ಜೊತೆ ಏಳ್ತಾನೆ. ಹಗ್ಗ ಕಿತ್ತುಕೊಳ್ಳೋಕೆ ಡಿಸಿ 17 ಸ್ಟ್ರೆಂತ್ (ದೇಹಬಲ) ರೋಲ್, ಗಾಬ್ಲಿನ್‌ಗೆ -1. ಇಪ್ಪತ್ತರಲ್ಲಿ ಮೂರು ಸಲ ಆದೀತು. ಹೆದರಿ ಕೊಲ್ಲೋಷ್ಟು ಅಪಾಯ ಏನಿಲ್ಲ ಅನ್ನೋದು ಅಂಕಿಯಲ್ಲೇ ಇದೆ, ಅದನ್ನ ಪ್ಲೇಯರ್‌ಗಳಿಗೆ ಹೇಳಿ.

ಅರ್ಧ ಸೆಷನ್ ತಿನ್ನೋ ಜಗಳಕ್ಕೆ ಕಾರಣ ನೀತಿ ಅಲ್ಲ, ಸೆರೆಯಾಳಿನಿಂದ ಏನೂ ಉಪಯೋಗ ಇಲ್ಲದಿರೋದು. ಅವನ ಕೈಲಿ ಏನಾದರೂ ಕೊಡಿ. ಬಾಸ್‌ಗೆ ಸುದ್ದಿ ಒಯ್ಯೋ ದೂತ ಆಗಬಹುದು. ವಿನಿಮಯಕ್ಕೆ ಬರಬಹುದು. ಗಾಬ್ಲಿನ್ ಭಾಷೆಯ ಜೊತೆ ಕಾಮನ್ (ಆಟದ ಲೋಕದ ಸಾಮಾನ್ಯ) ಭಾಷೆಯೂ ಅವಕ್ಕೆ ಬರೋದರಿಂದ ವಾರ್ಗ್‌ಗಳ ಜೊತೆ ಮಾತಾಡೋಕೆ ದುಭಾಷಿ ಆಗಬಹುದು. ಬಿಟ್ಟು ಕಳಿಸಿದ ಗಾಬ್ಲಿನ್ ಗೋಪುರ ತಲುಪಿದರೆ ರಿಯಾಕ್ಷನ್ ರೋಲ್‌ಗೆ +1 ಕೊಡಿ. ಕೊಂದದ್ದು ಗೊತ್ತಾದರೆ -1. ಆಗ ರೋಗ್ ಕೂಡ ಲೆಕ್ಕ ಹಾಕೋಕೆ ಶುರು ಮಾಡ್ತಾನೆ.

---

ಹಳೇಡೈಸ್

ಆ +1, -1 ಚೆನ್ನಾಗಿದೆ, ಆದರೆ ಎರಡಕ್ಕಿಂತ ಮೇಲೆ ಹೋಗಬೇಡಿ. ಎರಡು ಡೈಸ್‌ನ ರೋಲ್‌ನಲ್ಲಿ +3 ಅಂದರೆ ಪಟ್ಟಿಯ ಕೆಳಗಿನ ಅರ್ಧ ಬಹುಪಾಲು ಕಣ್ಮರೆ. ಹಳೇ ರೂಲ್‌ನಲ್ಲಿ ಕರಿಸ್ಮಾ (ವರ್ಚಸ್ಸಿನ ಅಂಕ) 18ಕ್ಕೂ ಸಿಗ್ತಿದ್ದದ್ದು +2 ಅಷ್ಟೇ.

ಮಾತುಕತೆ ಮಧ್ಯೆ ಯಾರಾದರೂ ದಿಢೀರ್ ಅಂತ ಕತ್ತಿ ಎತ್ತೋ ವಿಷಯವನ್ನೂ ಸೆಷನ್ ಶುರುವಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. "ನಾನು ಹೊಡೀತೀನಿ" ಅಂತ ಒಬ್ಬ ಹೇಳಿದರೆ ಆಟ ಅಲ್ಲೇ ನಿಲ್ಲಲಿ, ಡೈಸ್ ಯಾರೂ ಮುಟ್ಟಬಾರದು. ಮಿಕ್ಕ ಮೂವರಿಗೆ ಎರಡು ನಿಮಿಷ. ಅವರ ಕ್ಯಾರೆಕ್ಟರ್‌ಗಳು ತಡೀಬಹುದಾ, ತಡೀತಾರಾ ಅಂತ ಪ್ಲೇಯರ್‌ಗಳಾಗಿ ಮಾತಾಡಲಿ. ಎಲ್ಲರೂ ಸರಿ ಅಂದರೆ ಇನಿಶಿಯೇಟಿವ್ (ಹೊಡೆದಾಟದ ಸರದಿ ತೀರ್ಮಾನಿಸೋ ರೋಲ್). ಒಬ್ಬರಾದರೂ ಬೇಡ ಅಂದರೆ ಅವನ ಕೈ ಕತ್ತಿಯ ಹಿಡಿಗೆ ಹೋಯ್ತು, ಗಾಬ್ಲಿನ್‌ಗಳು ಅದನ್ನ ನೋಡಿದವು, ಅಷ್ಟಕ್ಕೆ ನಿಲ್ಲುತ್ತೆ. ಮುಂದಿನ ರೋಲ್‌ಗೆ ಡಿಸ್‌ಅಡ್ವಾಂಟೇಜ್ ಕೊಟ್ಟು ಮಾತು ಮುಂದುವರಿಸಿ.